ತಟ್ಟಿದರೆ ಹತ್ತುವ ಟಾರ್ಚು

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಟಾರ್ಚುಗಳಿಗೆ ಏಟು ಬೀಳುವ ಕಾಲ ಬಂತೆಂದೇ ಲೆಕ್ಕ. ಕಳಸವಾಗಲಿ, ಮೂಡಿಗೆರೆಯಾಗಲಿ, ಬಾಬಾಬುಡನ್‌ಗಿರಿಯ ದಾರಿಯ ಅತ್ತಿಗುಂಡಿಯಾಗಲಿ, ಗಾಳಿಗೆ ಮರ ಬಿದ್ದು ಕರೆಂಟು ಹೋಗುತ್ತದೆ. ಕತ್ತಲಲ್ಲಿ ತಡಕಾಡಿ ರೀಚಾರ್ಜ್ ಟಾರ್ಚು ಹುಡುಕಿ ಗುಂಡಿ ಒತ್ತಿದರೆ ಅದು ಹತ್ತುವುದಿಲ್ಲ. “ಬದಿಗೊಂದು ತಟ್ಟು ಮಾರಾಯ, ಹತ್ತುತ್ತೆ” ಎಂದು ಜಗಲಿಯಿಂದ ಅಜ್ಜನ ದನಿ ಬರುತ್ತದೆ. ತಟ್ಟಿದರೆ ಹತ್ತಿಯೇಬಿಡುತ್ತದೆ! ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮತ್ತೆ ಆರುತ್ತದೆ, ಮತ್ತೆ ಏಟು. ಹಳೆಯ ರೇಡಿಯೊಗಳೂ ಟಿ.ವಿ. ಪೆಟ್ಟಿಗೆಗಳೂ ಇಂಥ ಏಟು ತಿಂದೇ ಬಾಳಿದವು.

ಏಟಿಗೂ ಬೆಳಕಿಗೂ ಏನು ಸಂಬಂಧ? ಸ್ವಲ್ಪ ಯೋಚಿಸಿ. ಬ್ಯಾಟರಿ ಖಾಲಿಯಾಗಿದ್ದರೆ ಎಷ್ಟು ತಟ್ಟಿದರೂ ಅದು ತುಂಬುವುದಿಲ್ಲ. ಎಲ್‌ಇಡಿ ಸುಟ್ಟುಹೋಗಿದ್ದರೆ ತಟ್ಟಿದ ಮಾತ್ರಕ್ಕೆ ಅದು ಉರಿಯುವುದಿಲ್ಲ. ಅಂದಮೇಲೆ ಬ್ಯಾಟರಿಯೂ ಸರಿಯಿದೆ, ದೀಪವೂ ಸರಿಯಿದೆ. ನಡುವಿನ ದಾರಿ ಎಲ್ಲೋ ಕಡಿದಿದೆ. ಅದೂ ಪೂರ್ತಿ ಕಡಿದಿಲ್ಲ, ಕೂದಲೆಳೆಯಷ್ಟು ಬಾಯಿ ಬಿಟ್ಟಿದೆ. ಏಟು ಬಿದ್ದಾಗ ಬಿರುಕಿನ ಎರಡು ಅಂಚುಗಳು ಒಂದಕ್ಕೊಂದು ತಾಗುತ್ತವೆ, ಕರೆಂಟು ದಾಟುತ್ತದೆ. ಕೈ ಅಲುಗಿದಾಗ ಮತ್ತೆ ದೂರವಾಗುತ್ತವೆ. ಸ್ವಿಚ್ಚು ಸವೆದಿದ್ದರೂ ಹೀಗಾಗುತ್ತದೆ, ಬ್ಯಾಟರಿಯ ತಗಡಿಗೆ ತುಕ್ಕು ಹಿಡಿದಿದ್ದರೂ ಹೀಗಾಗುತ್ತದೆ. ಅವನ್ನು ಮೊದಲು ನೋಡಬೇಕು. ಅವೆರಡೂ ನೆಟ್ಟಗಿದ್ದರೆ ಕಳ್ಳ ಅಡಗಿರುವುದು ಬೆಸುಗೆಯಲ್ಲಿ. ರಿಪೇರಿ ಅಂಗಡಿಯವರು ಈ ರೋಗಕ್ಕೆ ‘ಡ್ರೈ ಸೋಲ್ಡರ್’ ಎನ್ನುತ್ತಾರೆ. ‘ಡ್ರೈ ಆಗಿದೆ, ಹತ್ತು ನಿಮಿಷ ಕೂತಿರಿ’ ಎಂದರೆ ಕೆಲಸ ಸಲೀಸು ಎಂದರ್ಥ.

ಟಾರ್ಚನ್ನು ಬಿಚ್ಚುವ ಮುಂಚೆ ಅದು ಪ್ಲಗ್ಗಿನಲ್ಲಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಅಗ್ಗದ ರೀಚಾರ್ಜ್ ಟಾರ್ಚುಗಳಲ್ಲಿ ಚಾರ್ಜಿಗೆ ಹಾಕಿದಾಗ ಮನೆಯ 230 ವೋಲ್ಟ್ ನೇರವಾಗಿ ಒಳಗಿನ ಹಲಗೆಗೇ ಬಂದಿರುತ್ತದೆ. ಮುಟ್ಟಿದರೆ ಜೀವಕ್ಕೇ ಅಪಾಯ. ಹಾಗಾಗಿ ಬಿಚ್ಚುವುದು ದೊಡ್ಡವರ ಕೆಲಸ, ಇಣುಕುವುದು ನಮ್ಮ ಕೆಲಸ.

ಒಳಗಿರುವ ಹಲಗೆ, ಅಂದರೆ ಬೋರ್ಡು, ಕಂದು ಬಣ್ಣದ್ದಾದರೆ ಅದು ರಾಳ ಕುಡಿಸಿ ಗಟ್ಟಿ ಮಾಡಿದ ಕಾಗದ. ಹಸಿರಾದರೆ ಸಾಮಾನ್ಯವಾಗಿ ಗಾಜಿನ ನೂಲಿನ ಬಟ್ಟೆಗೆ ಎಪಾಕ್ಸಿ ಅಂಟು ಹಾಕಿ ಒತ್ತಿದ ಹಾಳೆ. ಹಸಿರು ಬಣ್ಣ ಮೇಲೆ ಹಚ್ಚಿದ ಲೇಪದ್ದು, ಹಾಳೆಯದಲ್ಲ. ಹಲಗೆಯ ಮೇಲೆ ಅಂಕುಡೊಂಕಾಗಿ ಓಡುವ ಗೆರೆಗಳೇ ತಾಮ್ರದ ಟ್ರ್ಯಾಕುಗಳು, ಕರೆಂಟು ನಡೆಯುವ ದಾರಿಗಳು. ಅವುಗಳ ದಪ್ಪ ಸಾಮಾನ್ಯವಾಗಿ 35 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್, ಈಗ ನೀವೇ ಊಹಿಸಿ. ಹೀಗೆ ತಂತಿಯ ಬದಲು ತಾಮ್ರದ ಗೆರೆಗಳಿಂದ ರೇಡಿಯೊ ಮಾಡಬಹುದೆಂದು 1930ರ ದಶಕದಲ್ಲಿ ಲಂಡನ್ನಿನಲ್ಲಿ ಮಾಡಿ ತೋರಿಸಿದವನು ಪಾಲ್ ಐಸ್ಲರ್ ಎಂಬ ಆಸ್ಟ್ರಿಯಾದ ಎಂಜಿನಿಯರ್. ಅಲ್ಲಿಯವರೆಗೆ ರೇಡಿಯೊದ ಹೊಟ್ಟೆಯ ತುಂಬ ತಂತಿಗಳ ಸಿಕ್ಕು.

ಟ್ರ್ಯಾಕಿನ ತುದಿಯಲ್ಲಿ ತಾಮ್ರದ ಒಂದು ಪುಟ್ಟ ಬಿಲ್ಲೆ ಇರುತ್ತದೆ, ಅದು ‘ಪ್ಯಾಡ್’. ಪ್ಯಾಡಿನ ನಡುವೆ ತೂತು, ತೂತಿನಿಂದ ಬಿಡಿಭಾಗದ ಕಾಲು ಹೊರಗೆ ಬಂದಿರುತ್ತದೆ. ಕಾಲನ್ನೂ ಪ್ಯಾಡನ್ನೂ ಸೇರಿಸಿ ಹಿಡಿದಿರುವ ಬೂದು ಬಣ್ಣದ ಹನಿಯೇ ಬೆಸುಗೆ. ಭೂತಗನ್ನಡಿ ಹಿಡಿದು, ಬೆಳಕನ್ನು ಮೇಲಿನಿಂದಲ್ಲ, ಓರೆಯಾಗಿ ಬಿಟ್ಟು ನೋಡಿ. ಒಳ್ಳೆಯ ಬೆಸುಗೆ ಪ್ಯಾಡಿನ ಅಂಚಿನಲ್ಲಿ ತೆಳುವಾಗಿ ಶುರುವಾಗಿ, ಒಳಬಾಗಿದ ಇಳಿಜಾರಾಗಿ ಕಾಲನ್ನು ಏರಿರುತ್ತದೆ. ಎಲ್ಲಿ ಬೆಸುಗೆ ಮುಗಿಯಿತು, ಎಲ್ಲಿ ತಾಮ್ರ ಶುರುವಾಯಿತು ಎಂದು ಗೆರೆ ಎಳೆದು ಹೇಳಲು ಬರುವುದಿಲ್ಲ. ರೋಗದ ಬೆಸುಗೆ ಹಾಗಲ್ಲ. ಅದು ಪ್ಯಾಡಿನ ಮೇಲೆ ಉರುಟಾಗಿ ಕೂತಿರುತ್ತದೆ, ಇಲ್ಲವೇ ಕಾಲಿನ ಸುತ್ತ ಕಪ್ಪನೆಯ ಒಂದು ಸಣ್ಣ ಉಂಗುರ ಕಾಣುತ್ತದೆ. ಆ ಉಂಗುರವೇ ಬಿರುಕು. ಬರಿಗಣ್ಣಿಗೆ ಎಷ್ಟೋ ಸಲ ಅದು ಬೀಳುವುದೇ ಇಲ್ಲ. ಓರೆ ಬೆಳಕಿನಲ್ಲಿ ಹಲಗೆಯನ್ನು ಮೆಲ್ಲಗೆ ತಿರುಗಿಸಿದಾಗ ಒಂದು ಕ್ಷಣ ಮಿಂಚಿ ಮಾಯವಾಗುತ್ತದೆ.

ಉರುಟಾಗಿ ಕೂರುವುದೇಕೆ, ಇಳಿಜಾರಾಗಿ ಹರಡುವುದೇಕೆ? ಇದು ಗೊತ್ತಾದರೆ ಬೆಸುಗೆಯ ಅರ್ಧ ವಿದ್ಯೆ ಕೈಗೆ ಬಂದಂತೆ. ಮಳೆಗಾಲದಲ್ಲಿ ಕೆಸುವಿನ ಎಲೆ ನೋಡಿರುತ್ತೀರಿ. ಅದರ ಮೇಲೆ ಬಿದ್ದ ಹನಿ ಎಲೆಯನ್ನು ಒದ್ದೆ ಮಾಡದೆ ಗುಂಡಗೆ ಉರುಳಾಡುತ್ತದೆ, ಎಲೆ ಬಾಗಿಸಿದರೆ ಜಾರಿ ಬೀಳುತ್ತದೆ. ಅದೇ ಹನಿ ತೊಳೆದ ಕಲ್ಲುಚಪ್ಪಡಿಯ ಮೇಲೆ ಬಿದ್ದರೆ ಹರಡಿ ಕಲ್ಲನ್ನೇ ಹಿಡಿದುಕೊಳ್ಳುತ್ತದೆ. ಕರಗಿದ ಬೆಸುಗೆಗೆ ಕೊಳೆಯಾದ ತಾಮ್ರ ಕೆಸುವಿನ ಎಲೆ, ಶುದ್ಧ ತಾಮ್ರ ಕಲ್ಲುಚಪ್ಪಡಿ. ಕೊಳೆ ಎಂದರೆ ಮಣ್ಣು ಮಸಿ ಮಾತ್ರವಲ್ಲ. ಗಾಳಿಯ ಆಮ್ಲಜನಕ ತಾಮ್ರದ ಜೊತೆ ಸೇರಿ ಆಗುವ ಕಂದು ಪೊರೆ, ಅಂದರೆ ಆಕ್ಸೈಡ್, ಅದೇ ದೊಡ್ಡ ಕೊಳೆ. ತಾಮ್ರ ಬಿಸಿಯಾದಷ್ಟೂ ಆ ಪೊರೆ ಬೇಗ ಬೆಳೆಯುತ್ತದೆ. ಬೆಸೆಯಲು ಶಾಖ ಬೇಕು, ಶಾಖ ಕೊಟ್ಟರೆ ಪೊರೆ ಬರುತ್ತದೆ. ಒಳ್ಳೆ ಪೇಚಾಟ!

ಈ ಪೇಚಾಟಕ್ಕೆ ನಮ್ಮ ಊರುಗಳಲ್ಲಿ ತುಂಬ ಹಿಂದೆಯೇ ಉತ್ತರ ಸಿಕ್ಕಿತ್ತು. ನಿಮ್ಮ ಅಜ್ಜಿಯನ್ನು ಕೇಳಿ, ಕಲಾಯಿಯವನು ಕುಲುಮೆ, ತಿದಿ ಹೊತ್ತು ಬರುತ್ತಿದ್ದ ಕತೆ ಹೇಳುತ್ತಾರೆ. ತಾಮ್ರದ, ಹಿತ್ತಾಳೆಯ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಚೆಲ್ಲಿ, ತವರದ ಕಡ್ಡಿ ತಾಗಿಸಿ, ಅರಳೆಯಿಂದ ಒಂದು ಸುತ್ತು ಉಜ್ಜಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಿಯ ಬಣ್ಣ. ಬಿಳಿ ಹೊಗೆ ಎದ್ದು ಮೂಗು ಚುರುಗುಟ್ಟುತ್ತಿತ್ತು. ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್. ಬಿಸಿ ತಾಮ್ರದ ಮೇಲಿನ ಆಕ್ಸೈಡ್ ಪೊರೆಯನ್ನು ತಿಂದುಹಾಕಿ ತವರಕ್ಕೆ ಜಾಗ ಮಾಡಿಕೊಡುವುದೇ ಅದರ ಕೆಲಸ. ಬೋರ್ಡಿನ ಬೆಸುಗೆಯಲ್ಲಿ ಈ ಕೆಲಸ ಮಾಡುವುದಕ್ಕೆ ‘ಫ್ಲಕ್ಸ್’ ಎನ್ನುತ್ತಾರೆ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಹಳದಿ ‘ಪೇಸ್ಟ್’ ಅದೇ. ಪೈನ್ ಮರದ ರಾಳದಿಂದ ಮಾಡಿದ್ದು ಹಳೆಯ ಕಾಲದಿಂದಲೂ ನಂಬಿಕಸ್ಥ. ರಾಳ ತಣ್ಣಗಿರುವಾಗ ತಾಮ್ರಕ್ಕೆ ಏನೂ ಮಾಡದೆ ಸುಮ್ಮನಿರುತ್ತದೆ, ಬಿಸಿಯಾದಾಗ ಮಾತ್ರ ಹುಳಿಯಾಗಿ ಪೊರೆ ಕರಗಿಸುತ್ತದೆ. ಬೆಸುಗೆ ತಂತಿಯ ಹೊಟ್ಟೆಯೊಳಗೂ ಸಣ್ಣ ಕೊಳವೆಯಾಗಿ ಇದನ್ನು ತುಂಬಿರುತ್ತಾರೆ. ಬೆಸೆಯುವಾಗ ಏಳುವ ಹೊಗೆ ಇದರದ್ದೇ, ಲೋಹದ್ದಲ್ಲ. ಹಾಗೆಂದು ಅದನ್ನು ಮೂಸುವಂತಿಲ್ಲ. ಉಬ್ಬಸ ಇರುವವರ ಹತ್ತಿರವಂತೂ ಅದು ಸುಳಿಯಲೇಬಾರದು. ಕಿಟಕಿ ತೆರೆದಿರಲಿ.

ಇನ್ನು ಲೋಹದ ಮಾತು. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಸೀಸ 327ರಲ್ಲಿ. ನೂರು ಪಾಲಿನಲ್ಲಿ 63 ಪಾಲು ತವರ, 37 ಪಾಲು ಸೀಸ ಬೆರೆಸಿದರೆ ಆ ಬೆರಕೆ ಎಷ್ಟಕ್ಕೆ ಕರಗಬೇಕು? ಎರಡರ ನಡುವೆ ಎಲ್ಲೋ ಎಂದು ಯಾರಾದರೂ ಹೇಳಿಯಾರು. ಆದರೆ ಅದು ಕರಗುವುದು 183 ಡಿಗ್ರಿಗೇ, ಎರಡಕ್ಕಿಂತಲೂ ಕೆಳಗೆ! ಕಾಫಿ ಬೀಜ ಹುರಿದು ಇಳಿಸುವಾಗ ಬೀಜದ ಉಷ್ಣತೆ ಸಾಮಾನ್ಯವಾಗಿ 200 ಡಿಗ್ರಿ ದಾಟಿರುತ್ತದೆ. ಅಂದರೆ ಈ ಲೋಹ ಕಾಫಿ ಹುರಿಯುವ ಬಾಣಲೆಯಲ್ಲೇ ನೀರಾಗುತ್ತದೆ. (ಮನೆಯ ಬಾಣಲೆಯಲ್ಲಿ ಪರೀಕ್ಷೆ ಬೇಡ; ಸೀಸ ವಿಷ.) ಈ ಬೆರಕೆಗೆ ಇನ್ನೊಂದು ಗುಣ: ಗಟ್ಟಿಯಿಂದ ನೇರ ನೀರು, ನೀರಿನಿಂದ ನೇರ ಗಟ್ಟಿ. 60ಕ್ಕೆ 40 ಬೆರೆಸಿದ ಅಗ್ಗದ ತಂತಿಯಾದರೆ 183ರಿಂದ ಸುಮಾರು 190 ಡಿಗ್ರಿಯವರೆಗೆ ಅತ್ತ ನೀರೂ ಅಲ್ಲದ, ಇತ್ತ ಗಟ್ಟಿಯೂ ಅಲ್ಲದ ಮೆತ್ತನೆಯ ಸ್ಥಿತಿಯಲ್ಲಿರುತ್ತದೆ. ಆ ಹೊತ್ತಿನಲ್ಲಿ ಕೈ ನಡುಗಿ ಬಿಡಿಭಾಗದ ಕಾಲು ಅಲುಗಿದರೆ ಒಳಗೆ ಕಟ್ಟಿಕೊಳ್ಳುತ್ತಿದ್ದ ಹರಳುಗಳು ಒಡೆದು, ಮೇಲ್ಮೈ ತರಿತರಿಯಾಗಿ, ಮಂಕಾಗಿ ಹೋಗುತ್ತದೆ. ಆ ಹೊತ್ತಿಗೆ ಟಾರ್ಚು ಹತ್ತುತ್ತದೆ, ಎಲ್ಲ ಸರಿ ಎನಿಸುತ್ತದೆ. ನಾಲ್ಕು ತಿಂಗಳಿಗೆ ಬಿರುಕು.

ಬೆಸುಗೆ ಅಂಟಿನ ಹಾಗೆ ಮೇಲೆ ಮೆತ್ತಿಕೊಂಡಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಡೆಯುವುದು ಬೇರೆ. ಕರಗಿದ ತವರ ತಾಮ್ರವನ್ನು ಸ್ವಲ್ಪ ತಿನ್ನುತ್ತದೆ. ತಾಮ್ರದ ಆರು ಪರಮಾಣುಗಳಿಗೆ ತವರದ ಐದರಂತೆ ಸೇರಿ ಎರಡರ ನಡುವೆ ಒಂದು ಹೊಸ ವಸ್ತುವಿನ ಪದರ ಹುಟ್ಟುತ್ತದೆ. ದಪ್ಪ ಕೆಲವೇ ಮೈಕ್ರಾನ್. ಈ ಪದರ ಹುಟ್ಟದಿದ್ದರೆ ಬೆಸುಗೆ ಹಿಡಿಯಲೇ ಇಲ್ಲ ಎಂದರ್ಥ. ಹಾಗೆಂದು ಬೆಸುಗೆ ಕರಗಿಸುವ ಬಿಸಿ ಐರನ್ನನ್ನು ಒತ್ತಿ ಹಿಡಿದೇ ಇದ್ದರೆ ಪದರ ದಪ್ಪವಾಗುತ್ತಾ ಹೋಗುತ್ತದೆ, ದಪ್ಪವಾದಷ್ಟೂ ಪೆಡಸಾಗಿ ಒಡೆಯುತ್ತದೆ. ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಅನುಭವಸ್ಥರು ಒಂದು ಕಾಲಿಗೆ ಎರಡು ಮೂರು ಸೆಕೆಂಡು ಮಾತ್ರ ಕೊಡುವುದು ಇದಕ್ಕೇ.

ಈಗ ನಮ್ಮ ಟಾರ್ಚಿಗೆ ಬರೋಣ. ಅದರ ಬೆಸುಗೆ ಏಕೆ ಬಿರುಕು ಬಿಟ್ಟಿತು? ಕಾಫಿ ಕೊಯ್ಲಿನ ಕಾಲದಲ್ಲಿ ಕಣದ ಕಾವಲಿಗೆ ಹೋದ ಟಾರ್ಚು ಹಗಲೆಲ್ಲ ಬಿಸಿಲಿನಲ್ಲಿ ಬಿದ್ದಿರುತ್ತದೆ, ರಾತ್ರಿ ಗಿರಿಯ ಚಳಿಯಲ್ಲಿ ಮರಗಟ್ಟುತ್ತದೆ. ಹಲಗೆಯೂ ಹಿಗ್ಗುತ್ತದೆ, ಲೋಹದ ಪಿನ್ನೂ ಹಿಗ್ಗುತ್ತದೆ, ಆದರೆ ಒಂದೇ ಸಮನಾಗಿ ಅಲ್ಲ. ದಪ್ಪದ ದಿಕ್ಕಿನಲ್ಲಿ ಹಲಗೆ ಪಿನ್ನಿಗಿಂತ ಹೆಚ್ಚು ಹಿಗ್ಗುತ್ತದೆ, ಹೆಚ್ಚು ಕುಗ್ಗುತ್ತದೆ. ಎರಡರ ಜಗ್ಗಾಟದಲ್ಲಿ ನಲುಗುವುದು ನಡುವಿನ ಬೆಸುಗೆ. ಅದರ ಜೊತೆಗೆ ಚಾರ್ಜಿನ ಪಿನ್ನನ್ನು ದಿನಕ್ಕೆರಡು ಸಲ ನೂಕುವುದು, ಎಳೆಯುವುದು. ಆದ್ದರಿಂದ ಹುಡುಕಾಟ ಶುರುಮಾಡಬೇಕಾದ್ದು ಚಾರ್ಜಿನ ಪಿನ್ನು, ಬ್ಯಾಟರಿಯ ತಂತಿ ಸೇರುವ ಜಾಗ, ಸ್ವಿಚ್ಚಿನ ಕಾಲು, ಮತ್ತು ಬಿಸಿಯಾಗುವ ಭಾಗಗಳ ಕಾಲುಗಳಿಂದ. ರೇಡಿಯೊದಲ್ಲಾದರೆ ಸ್ಪೀಕರಿನ ತಂತಿ, ಇಯರ್‌ಫೋನ್ ಸಿಕ್ಕಿಸುವ ತೂತು. ರೆಸಿಸ್ಟರಿನಂಥ ಹಗುರವಾದ ಬಿಡಿಭಾಗಗಳು ತಾವಾಗಿ ಬಿಟ್ಟುಕೊಳ್ಳುವುದು ಅಪರೂಪ. ಭಾರದ್ದು, ಬಿಸಿಯಾಗುವುದು, ಜಗ್ಗಾಟಕ್ಕೆ ಸಿಗುವುದು, ಇವೇ ಮೊದಲು ಸೋಲುತ್ತವೆ.

ಕಣ್ಣಿಗೆ ಕಾಣದಿದ್ದರೆ ಒಣ ಬಿದಿರು ಕಡ್ಡಿಯೊಂದನ್ನು ತೆಗೆದುಕೊಂಡು, ಟಾರ್ಚು ತನ್ನ ಬ್ಯಾಟರಿಯ ಮೇಲೆ ಮಾತ್ರ ಉರಿಯುತ್ತಿರುವಾಗ, ಒಂದೊಂದೇ ಭಾಗವನ್ನು ಮೆಲ್ಲಗೆ ಒತ್ತುತ್ತಾ ಹೋಗುತ್ತಾರೆ. ಯಾವುದನ್ನು ಒತ್ತಿದಾಗ ಬೆಳಕು ಮಿಣುಕಿತೋ ಅಲ್ಲಿಗೆ ಕಳ್ಳ ಸಿಕ್ಕ. ಪೆನ್ಸಿಲ್ಲಿನ ತುದಿಯಿಂದ ಒತ್ತಬಾರದು. ಅದರ ಕಡ್ಡಿ ಗ್ರಾಫೈಟಿನದು, ಅದರಲ್ಲೂ ಕರೆಂಟು ಹರಿಯುತ್ತದೆ. ಬಿಡಿಭಾಗದ ಕಾಲಿನಿಂದ ಟ್ರ್ಯಾಕಿಗೆ ಮಲ್ಟಿಮೀಟರ್ ಹಿಡಿದು ‘ಬೀಪ್’ ಬರುತ್ತದೆಯೇ ಎಂದು ನೋಡುವವರೂ ಇದ್ದಾರೆ. ಬಿರುಕುಬಿಟ್ಟ ಬೆಸುಗೆ ಇಲ್ಲಿ ಮೋಸ ಮಾಡುತ್ತದೆ. ಮೀಟರಿನ ಮುಳ್ಳು ತಾಗಿದ ಒತ್ತಡಕ್ಕೇ ಬಿರುಕು ಮುಚ್ಚಿ ‘ಬೀಪ್’ ಎಂದುಬಿಡುತ್ತದೆ! ನನ್ನ ಕೇಳಿದರೆ ಮೀಟರಿಗಿಂತ ಬಿದಿರು ಕಡ್ಡಿಯೇ ವಾಸಿ.

ಸರಿಪಡಿಸುವುದು ಹೇಗೆ? ಸೋಲ್ಡರಿಂಗ್ ಐರನ್ನಿನ ತುದಿಗೆ ‘ಬಿಟ್’ ಎನ್ನುತ್ತಾರೆ. ಅದರ ಉಷ್ಣತೆ ಸುಮಾರು 350 ಡಿಗ್ರಿ. ಬಿಟ್ ಕರ್ರಗಾಗಿದ್ದರೆ ಅದರ ಮೇಲೂ ಆಕ್ಸೈಡ್ ಕೂತಿದೆ, ಅದು ಶಾಖ ದಾಟಿಸುವುದಿಲ್ಲ. ಒದ್ದೆ ಸ್ಪಂಜಿಗೆ ಒರೆಸಿ ಹೊಸ ಬೆಸುಗೆ ಮುಟ್ಟಿಸಿದರೆ ಬೆಳ್ಳಗೆ ಹೊಳೆಯಬೇಕು. ಕೆಲವರು ಅರ ಹಾಕಿ ಉಜ್ಜುತ್ತಾರೆ, ಅದು ತಪ್ಪು. ಈಗಿನ ಬಿಟ್‌ಗಳ ಒಳಗೆ ತಾಮ್ರ, ಹೊರಗೆ ಕಬ್ಬಿಣದ ತೆಳು ಕವಚ. ಬರಿ ತಾಮ್ರವನ್ನು ತವರ ತಿಂದುಬಿಡುತ್ತದೆಂದೇ ಆ ಕವಚ ಹಾಕಿರುವುದು. ಅರ ಹಾಕಿದರೆ ಕವಚ ಹೋಯಿತು, ಬಿಟ್ಟಿಗೆ ಗುಳಿ ಬಿತ್ತು.

ಆಮೇಲಿನ ಕೆಲಸ ನೋಡುವುದಕ್ಕೆ ಚಂದ. ಹಳೆಯ ಬೆಸುಗೆಯ ಮೇಲೆ ಚೂರು ಪೇಸ್ಟ್. ಬಿಟ್ಟನ್ನು ಪ್ಯಾಡಿಗೂ ಕಾಲಿಗೂ ಒಟ್ಟಿಗೆ ತಾಗಿಸಿ ಹಿಡಿಯುತ್ತಾರೆ. ಹಳೆಯದು ಮಂಕಾಗಿಯೇ ಇರುತ್ತದೆ, ಇರುತ್ತದೆ, ತಟ್ಟನೆ ಅಂಚಿನಿಂದ ಒಳಕ್ಕೆ ಹೊಳಪು ಓಡುತ್ತದೆ. ಆಗ ಬೆಸುಗೆ ತಂತಿಯನ್ನು ಬಿಟ್ಟಿಗಲ್ಲ, ಬಿಸಿಯಾದ ಕಾಲಿಗೆ ತಾಗಿಸಬೇಕು. ತಂತಿ ಕರಗಿ ಕಾಲಿನ ಸುತ್ತ ಒಂದು ಸುತ್ತು ಹರಿದು ನಿಲ್ಲುತ್ತದೆ. ಮೊದಲು ತಂತಿ ತೆಗೆಯುತ್ತಾರೆ, ಆಮೇಲೆ ಐರನ್. ಹನಿ ಗಟ್ಟಿಯಾಗುವವರೆಗೆ ಯಾರೂ ಮೇಜು ಅಲುಗಿಸಬಾರದು, ಊದಲೂಬಾರದು. ಹೊಸಬರು ಮಾಡುವುದು ಉಲ್ಟಾ: ಬಿಟ್ಟಿನ ಮೇಲೆ ಒಂದು ಹನಿ ಕರಗಿಸಿಕೊಂಡು ಬಂದು ತಣ್ಣಗಿರುವ ಪ್ಯಾಡಿನ ಮೇಲೆ ಮೆತ್ತುತ್ತಾರೆ. ದಾರಿಯಲ್ಲೇ ಫ್ಲಕ್ಸ್ ಸುಟ್ಟುಹೋಗಿರುತ್ತದೆ, ಪ್ಯಾಡಿಗೆ ಶಾಖವೇ ಸಿಕ್ಕಿರುವುದಿಲ್ಲ. ಕೆಸುವಿನ ಎಲೆಯ ಹನಿ ಮತ್ತೆ ಸಿದ್ಧ.

ಎಷ್ಟು ಹೊತ್ತು ಹಿಡಿದರೂ ಬೆಸುಗೆ ಹರಿಯುವುದಿಲ್ಲ ಎಂಬ ಜಾಗಗಳೂ ಇರುತ್ತವೆ. ಸುತ್ತ ನೋಡಿದರೆ ಆ ಕಾಲು ಅಗಲವಾದ ತಾಮ್ರದ ಬಯಲಿಗೆ ಸೇರಿರುತ್ತದೆ. ಕೊಟ್ಟ ಶಾಖವನ್ನೆಲ್ಲ ಆ ತಾಮ್ರ ಹೀರಿ ಹರಡಿಬಿಡುತ್ತದೆ. ಐರನ್ನಿನ ಉಷ್ಣತೆ ಏರಿಸುವುದು ಇದಕ್ಕೆ ಮದ್ದಲ್ಲ, ಅದರಿಂದ ಪ್ಯಾಡ್ ಸುಡುತ್ತದೆ. ಅಗಲ ಮೂತಿಯ ಬಿಟ್ ಹಾಕಿದರೆ ಅದೇ ಉಷ್ಣತೆಯಲ್ಲಿ ಹೆಚ್ಚು ಶಾಖ ದಾಟುತ್ತದೆ. ಉಷ್ಣತೆ ಬೇರೆ, ಶಾಖದ ಪ್ರಮಾಣ ಬೇರೆ ಎಂದು ಪುಸ್ತಕದಲ್ಲಿ ಓದಿರುತ್ತೀರಲ್ಲ, ಅದು ಇಲ್ಲಿ ಕೈಗೆ ಸಿಗುತ್ತದೆ.

ಐಸಿಯ, ಅಂದರೆ ಚಿಪ್ಪಿನ, ಹತ್ತಿರಹತ್ತಿರದ ಕಾಲುಗಳ ನಡುವೆ ಬೆಸುಗೆ ಹರಿದು ಸೇತುವೆ ಕಟ್ಟಿದರೆ ಅದು ‘ಶಾರ್ಟ್’. ನೋಡಿದರೆ ಗಾಬರಿಯಾಗುತ್ತದೆ, ಬಿಡಿಸುವುದು ಸುಲಭ. ಕರಗಿದ ತವರದ ಮೇಲ್ಮೈ ಎಳೆತ ನೀರಿನದಕ್ಕಿಂತ ಸುಮಾರು ಏಳು ಪಟ್ಟು ಜೋರು. ಫ್ಲಕ್ಸ್ ಹಚ್ಚಿ ಶುದ್ಧ ಬಿಟ್ಟನ್ನು ಕಾಲುಗಳ ಉದ್ದಕ್ಕೆ ಎಳೆದರೆ ಬೆಸುಗೆ ತಾನೇ ಎರಡಾಗಿ ಕಡಿದು ಆಯಾ ಕಾಲಿಗೆ ಸರಿದುಕೊಳ್ಳುತ್ತದೆ. ಹೆಚ್ಚಾದದ್ದು ಬಿಟ್ಟಿಗೆ ಬರುತ್ತದೆ. ಇನ್ನೂ ಉಳಿದರೆ ಹೆಣೆದ ತಾಮ್ರದ ಪಟ್ಟಿಯಿಂದ ಹೀರಿಸುತ್ತಾರೆ.

ಹಾಳಾದ ಭಾಗ ಕಿತ್ತು ಹೊಸದು ಹಾಕುವಾಗ ಮಾತ್ರ ತಾಳ್ಮೆ ಬೇಕು. ಹಳೆಯ ಬೆಸುಗೆ ಹೊರಡುವುದೇ ಇಲ್ಲವೆಂದು ಹಟ ಹಿಡಿದಾಗ ಬಲ್ಲವರು ಇನ್ನಷ್ಟು ಹೊಸ ಬೆಸುಗೆ ಹಾಕುತ್ತಾರೆ. ತೆಗೆಯಬೇಕಾದಲ್ಲಿ ಹಾಕುವುದೇ ಎಂದು ನಗಬೇಡಿ. ಹಳೆಯದರ ಫ್ಲಕ್ಸ್ ಎಂದೋ ಆರಿಹೋಗಿದೆ, ಮೇಲೆ ಆಕ್ಸೈಡ್ ಕಟ್ಟಿದೆ. ಹೊಸದು ಬೆರೆತಾಗ ಎಲ್ಲವೂ ಒಟ್ಟಿಗೆ ನೀರಾಗುತ್ತದೆ, ಆಗ ಬೆಸುಗೆ ಹೀರುವ ಸ್ಪ್ರಿಂಗಿನ ಸಕ್ಕರ್ ‘ಟಕ್’ ಎಂದು ಒಂದೇ ಗುಟುಕಿಗೆ ಎಳೆದುಕೊಳ್ಳುತ್ತದೆ. ಹೀಗೆ ಮಾಡದೆ ಇಕ್ಕಳ ಹಾಕಿ ಜಗ್ಗಿದರೆ ಪ್ಯಾಡೇ ಕಿತ್ತು ಬರುತ್ತದೆ. ತಾಮ್ರವನ್ನು ಹಲಗೆಗೆ ಹಿಡಿದಿರುವ ಅಂಟು ಬಿಸಿಗೆ ಮೆತ್ತಗಾಗಿರುತ್ತದೆ. ಕಂದು ಕಾಗದದ ಹಲಗೆಗಳಲ್ಲಂತೂ ಇದು ಬೇಗ. ಪ್ಯಾಡ್ ಎದ್ದರೆ ಟ್ರ್ಯಾಕಿನ ಮೇಲಿನ ಹಸಿರು ಲೇಪ ಕೆರೆದು, ತಾಮ್ರ ಹೊಳೆಯುವಂತೆ ಮಾಡಿ, ಅಲ್ಲಿಂದ ಕಾಲಿಗೆ ಸಣ್ಣ ತಂತಿಯ ‘ಜಂಪರ್’ ಹಾಕುತ್ತಾರೆ. ನೋಡಲು ಅಂದವಿಲ್ಲ, ಕೆಲಸಕ್ಕೆ ಮೋಸವಿಲ್ಲ.

ಇಷ್ಟೆಲ್ಲ ಕೈಯಲ್ಲಿ ಮಾಡುವ ಮಾತಾಯಿತು. ಕಾರ್ಖಾನೆಯಲ್ಲಿ? ಮೈಸೂರಿನ ಹತ್ತಿರದ ನಂಜನಗೂಡಿನಲ್ಲಿ ಎಟಿ ಅಂಡ್ ಎಸ್ ಕಂಪನಿ ಬರಿಯ ಬೋರ್ಡುಗಳನ್ನು ತಯಾರಿಸುತ್ತದೆ. ಮೈಸೂರಿನಲ್ಲೇ 1988ರಲ್ಲಿ ಶುರುವಾದ ಕೇನ್ಸ್ ಟೆಕ್ನಾಲಜಿ ಬೋರ್ಡುಗಳಿಗೆ ಬಿಡಿಭಾಗ ಕೂರಿಸುವ ಕೆಲಸ ಮಾಡುತ್ತದೆ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಹುಟ್ಟಿದ್ದು. ನಮ್ಮ ಮತಯಂತ್ರಗಳು ಅಲ್ಲಿಯೂ ತಯಾರಾಗುತ್ತವೆ. ಇಂದಿನ ಬೋರ್ಡುಗಳ ಹೆಚ್ಚಿನ ಬಿಡಿಭಾಗಗಳಿಗೆ ತೂತಿಗೆ ಇಳಿಯುವ ಕಾಲೇ ಇರುವುದಿಲ್ಲ. ತೂತಿಲ್ಲದ ಪ್ಯಾಡಿನ ಮೇಲೆ ಸುಮ್ಮನೆ ಕೂರುತ್ತವೆ. ಮೊಬೈಲಿನೊಳಗಿನ ರೆಸಿಸ್ಟರ್ ಒಂದು ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲ ಇದ್ದರೆ ಅದು ದೊಡ್ಡದೆಂದೇ ಲೆಕ್ಕ! ಇಂಥವಕ್ಕೆ ಐರನ್ ನಡೆಯುವುದಿಲ್ಲ. ಬೆಸುಗೆಯ ಸೂಕ್ಷ್ಮ ಗುಂಡುಗಳನ್ನು ಫ್ಲಕ್ಸಿನಲ್ಲಿ ಕಲಸಿದ ಬೂದು ಮುದ್ದೆಯನ್ನು ತೂತುಗಳ ತಗಡಿನ ಮೂಲಕ ಪ್ಯಾಡುಗಳ ಮೇಲೆ ಸವರಿ, ಯಂತ್ರದಿಂದ ಭಾಗಗಳನ್ನು ಕೂರಿಸಿ, ಬೋರ್ಡನ್ನು ಉದ್ದನೆಯ ಒಲೆಯೊಳಗೆ ಸಾಗಿಸುತ್ತಾರೆ. ಉಷ್ಣತೆ ಮೆಲ್ಲಗೆ ಏರಿ, ಒಂದು ಗಳಿಗೆ ಸುಮಾರು 240 ಡಿಗ್ರಿ ಮುಟ್ಟಿ, ಇಳಿಯುತ್ತದೆ. ಎಲ್ಲ ಬೆಸುಗೆಗಳೂ ಒಂದೇ ಸಲಕ್ಕೆ ಮುಗಿದವು.

ಅಲ್ಲಿಯೂ ತರಲೆಗಳಿವೆ. ಪುಟಾಣಿ ರೆಸಿಸ್ಟರಿನ ಒಂದು ತುದಿಯ ಬೆಸುಗೆ ಇನ್ನೊಂದಕ್ಕಿಂತ ಮೊದಲು ಕರಗಿತು ಎನ್ನಿ. ಆಗಲೇ ಹೇಳಿದೆನಲ್ಲ, ಮೇಲ್ಮೈ ಎಳೆತ ಜೋರು. ಕರಗಿದ ಕಡೆ ಎಳೆದ ರಭಸಕ್ಕೆ ರೆಸಿಸ್ಟರ್ ಒಂಟಿಕಾಲಿನಲ್ಲಿ ನೆಟ್ಟಗೆ ಎದ್ದು ನಿಲ್ಲುತ್ತದೆ! ಇನ್ನೊಂದು ಕತೆ ಆ ಬೂದು ಮುದ್ದೆಯದು. ಅದನ್ನು ಫ್ರಿಜ್ಜಿನಲ್ಲಿ ಇಡುತ್ತಾರೆ. ಹೊರಗೆ ತೆಗೆದ ಕೂಡಲೇ ಮುಚ್ಚಳ ತೆರೆಯುವಂತಿಲ್ಲ, ಕೋಣೆಯ ಬಿಸಿಗೆ ಬರುವವರೆಗೆ ಕಾಯಬೇಕು. ಅವಸರಪಟ್ಟರೆ ತಣ್ಣನೆಯ ಮುದ್ದೆಯ ಮೇಲೆ ಗಾಳಿಯ ತೇವ ಇಬ್ಬನಿಯಾಗಿ ಕೂರುತ್ತದೆ. ಒಲೆಯಲ್ಲಿ ಆ ನೀರು ಆವಿಯಾಗಿ ಸಿಡಿದು ಬೆಸುಗೆಯ ಗುಂಡುಗಳನ್ನು ಬೋರ್ಡಿನ ತುಂಬ ಎರಚುತ್ತದೆ. ತೇವ ಕುಡಿದ ಪ್ಲಾಸ್ಟಿಕ್ ಐಸಿಗಳೂ ಒಲೆಯಲ್ಲಿ ಒಡೆಯುತ್ತವೆ. ಅದಕ್ಕೇ ಅವು ಗಾಳಿಯಾಡದ ಚೀಲದಲ್ಲಿ, ತೇವ ಹೀರುವ ಪೊಟ್ಟಣದ ಜೊತೆ ಬರುತ್ತವೆ. ಕಾಫಿ ಬೀಜದ ತೇವ ಅಳೆದು ಮೂಟೆ ಕಟ್ಟುವ ಊರಿನ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಸೀಸದ ವಿಷಯ ಬಾಕಿ ಇದೆ. ಸೀಸ ಮೈಯೊಳಗೆ ಸೇರಿದರೆ ಮಕ್ಕಳ ಮೆದುಳಿಗೆ ಕೆಡುಕು. ಇಷ್ಟಾದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯುರೋಪ್ ಒಕ್ಕೂಟ 2006ರ ಜುಲೈ 1ರಿಂದ ಹೆಚ್ಚಿನ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸಕ್ಕೆ ಕಡಿವಾಣ ಹಾಕಿತು. ಭಾರತದಲ್ಲಿ 2012ರ ಮೇ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳೂ ಅದೇ ದಾರಿ ಹಿಡಿದವು. ಈಗ ಕಾರ್ಖಾನೆಗಳಲ್ಲಿ ಹೆಚ್ಚಾಗಿ ತವರಕ್ಕೆ ನೂರಕ್ಕೆ 3 ಪಾಲು ಬೆಳ್ಳಿ, ಅರ್ಧ ಪಾಲು ತಾಮ್ರ ಬೆರೆಸಿದ ಬೆಸುಗೆ. ಅದು ಕರಗಲು 217ರಿಂದ 220 ಡಿಗ್ರಿ ಬೇಕು. ಹಳೆಯ ಅಭ್ಯಾಸದ ಉಷ್ಣತೆಯಲ್ಲಿ ರಿಪೇರಿ ಮಾಡಿದರೆ ಸರಿಯಾಗಿ ಹರಿಯುವುದಿಲ್ಲ. ಇನ್ನೊಂದು ವಿಷಯ: ಈ ಬೆಸುಗೆ ಚೆನ್ನಾಗಿ ಹಿಡಿದಿದ್ದರೂ ಸ್ವಲ್ಪ ಮಂಕಾಗಿಯೇ ಕಾಣುತ್ತದೆ. ‘ಹೊಳೆದರೆ ಒಳ್ಳೆಯದು, ಮಂಕಾದರೆ ಕೆಟ್ಟದ್ದು’ ಎಂಬ ಹಳೆಯ ಲೆಕ್ಕ ಇಲ್ಲಿ ನಡೆಯದು. ಬಣ್ಣಕ್ಕಿಂತ ಆಕಾರ ನೋಡುವುದು ಮೇಲು: ಅಂಚು ತೆಳುವಾಗಿ ಹರಡಿದೆಯೇ, ಉರುಟಾಗಿ ಕೂತಿದೆಯೇ?

ಶುದ್ಧ ತವರಕ್ಕೆ ಒಂದು ವಿಚಿತ್ರ ಕಾಯಿಲೆಯಿದೆ. 13.2 ಡಿಗ್ರಿಗಿಂತ ತಣ್ಣಗಾದರೆ ಅದು ಬೂದು ಬಣ್ಣದ ಪುಡಿಯಾಗಿ ಬದಲಾಗುವ ಸ್ವಭಾವದ್ದು. ಹಾಗಾದರೆ ಬಾಬಾಬುಡನ್‌ಗಿರಿಯ ಚಳಿಗೆ ನಮ್ಮ ಬೆಸುಗೆಗಳೆಲ್ಲ ಪುಡಿಯಾಗುತ್ತವೆಯೇ? ಇಲ್ಲ. ಈ ಬದಲಾವಣೆ ಇಲ್ಲಿಯ ಚಳಿಯಲ್ಲಿ ಲೆಕ್ಕಕ್ಕೆ ಸಿಗದಷ್ಟು ನಿಧಾನ. ನೀರು ಹೆಪ್ಪುಗಟ್ಟುವುದಕ್ಕಿಂತ ಎಷ್ಟೋ ಕೆಳಗಿನ ಚಳಿಯಲ್ಲಿ ಮಾತ್ರ ಅದು ಚುರುಕಾಗುತ್ತದೆ, ಚೂರು ಸೀಸ ಬೆರೆತಿದ್ದರಂತೂ ತಡೆದೇಬಿಡುತ್ತದೆ.

ನಮ್ಮ ಕಡೆ ಚಳಿಗಿಂತ ಕಾಡುವುದು ಮಳೆ. ಬೆಸೆದ ಮೇಲೆ ಬೋರ್ಡಿನಲ್ಲಿ ಉಳಿದ ಫ್ಲಕ್ಸ್ ಒರೆಸದೆ ಬಿಟ್ಟರೆ ಜೂನ್, ಜುಲೈನ ಥಂಡಿಯಲ್ಲಿ ಅದು ತೇವ ಎಳೆದುಕೊಳ್ಳುತ್ತದೆ. ತೇವದಲ್ಲಿ ಕರೆಂಟು ಹರಿದಾಗ ಒಂದು ಟ್ರ್ಯಾಕಿನ ಲೋಹ ಕರಗಿ ಇನ್ನೊಂದು ಟ್ರ್ಯಾಕಿನ ಮೇಲೆ ಕೂತು, ಅಲ್ಲಿಂದ ಮೊದಲಿನದರ ಕಡೆಗೆ ಕವಲುಕವಲಾಗಿ ಬೆಳೆಯುತ್ತದೆ, ತಾಗಿದರೆ ಶಾರ್ಟ್. ತಾಮ್ರದ ಮೇಲೆ ಹಸಿರು ಕಿಲುಬೂ ಏಳುತ್ತದೆ. ಕಲಾಯಿಯವನ ನವಸಾಗರವನ್ನು, ಇಲ್ಲವೇ ತಗಡು ಬೆಸೆಯುವವರ ಆಸಿಡ್ಡನ್ನು ಬೋರ್ಡಿಗೆ ಬಳಸಬಾರದೆನ್ನುವುದು ಇದಕ್ಕೇ. ಪಾತ್ರೆಯನ್ನು ತೊಳೆಯಬಹುದು, ಐಸಿಯ ಅಡಿಯಲ್ಲಿ ಹೊಕ್ಕ ಉಪ್ಪನ್ನು ತೊಳೆಯುವವರು ಯಾರು? ರಿಪೇರಿ ಮುಗಿದ ಜಾಗವನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಒಣಗಿಸಬೇಕು. ಅದು ಬೆಂಕಿ ಹಿಡಿಯುವ ದ್ರವ, ಬಿಸಿ ಐರನ್ ಪಕ್ಕದಲ್ಲಿರಬಾರದು.

ಕಲಿಯುವ ಆಸೆಯಿದ್ದರೆ ಮನೆಯ ಒಳ್ಳೆಯ ಟಾರ್ಚಿನ ಮೇಲೆ ಕೈ ಮಾಡಬೇಡಿ. ಹಾಳಾಗಿ ಮೂಲೆ ಸೇರಿದ ಎಫ್.ಎಂ. ರೇಡಿಯೊವೋ, ಬ್ಯಾಟರಿಯ ಆಟಿಕೆಯೋ ಸಾಕು. ಸೆಲ್ಲುಗಳನ್ನು ಮೊದಲೇ ತೆಗೆದಿಡಿ. ಟಿ.ವಿ., ಇನ್ವರ್ಟರ್, ಆನೆ ಬೇಲಿಯ ಪೆಟ್ಟಿಗೆ ಇವುಗಳ ತಂಟೆ ಬೇಡವೇ ಬೇಡ. ಪ್ಲಗ್ಗು ಕಿತ್ತ ಮೇಲೂ ಇವುಗಳ ಕೆಪಾಸಿಟರ್ ಎಂಬ ಬಿಡಿಭಾಗದಲ್ಲಿ ಕರೆಂಟು ಉಳಿದಿರುತ್ತದೆ. ಬೇಲಿಯ ಪೆಟ್ಟಿಗೆಯಂತೂ ಸಾವಿರಾರು ವೋಲ್ಟ್‌ಗಳ ಮಿಡಿತ ಕೊಡುವಂಥದ್ದು. ಐರನ್ ಹಿಡಿಯುವಾಗ ಕೆಲಸ ಬಲ್ಲ ದೊಡ್ಡವರು ಪಕ್ಕದಲ್ಲಿರಲಿ, ತಿಂಡಿಯ ತಟ್ಟೆ ಆ ಮೇಜಿನ ಮೇಲೆ ಇರಬಾರದು, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಐರನ್ನಿನ ಪ್ಲಗ್ಗು ಹಾಕುವ ಮುಂಚೆಯೇ ಭೂತಗನ್ನಡಿ ಹಿಡಿದು ಬೋರ್ಡಿನ ಒಂದೊಂದೇ ಬೆಸುಗೆ ನೋಡುತ್ತಾ ಹೋಗಿ. ಉರುಟಾಗಿ ಕೂತದ್ದು ಸಿಕ್ಕರೆ, ಕಪ್ಪು ಉಂಗುರ ಕಂಡರೆ ಪೆನ್ನಿನಿಂದ ಪಕ್ಕದಲ್ಲಿ ಒಂದು ಚುಕ್ಕೆ ಇಡಿ. ಆಮೇಲೆ ಬಿದಿರು ಕಡ್ಡಿಯಿಂದ ಒತ್ತಿ ನೋಡಿ, ನೀವು ಚುಕ್ಕೆ ಇಟ್ಟದ್ದೇ ಅಲುಗುತ್ತದೆಯೋ, ಇನ್ನೊಂದೋ.